ಪೊಲೀಸರೇ ಮನೆಗೆ ಬರಬೇಕು

ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಗಂಡ ಹೆಂಡತಿ ಇಬ್ಬರೂ ಶಿಫ್ಟಿಗೆ ಹೊರಟರೆ ಮಾತು ಬಾರದ ಮಗಳು ಮನೆಯಲ್ಲಿ ಒಬ್ಬಳೇ. ನಾನು ಪಂಚಾಯ್ತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ಪಿಂಚಣಿ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಅಂತ ಹೋದಲ್ಲೆಲ್ಲ ತಾಯಂದಿರದು ಒಂದೇ ಪ್ರಶ್ನೆ: “ಅಕ್ಕಾ, ನಾಳೆ ಏನಾದ್ರೂ ಆದ್ರೆ ಇವಳ ಮಾತು ಯಾರು ನಂಬ್ತಾರೆ?”

ಕಾನೂನಂತೂ ನಂಬುತ್ತದೆ. ಆಂಧ್ರದಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಹುಡುಗಿಯೊಬ್ಬಳು ಅತ್ಯಾಚಾರಿಯನ್ನು ದನಿಯಿಂದಲೇ ಗುರುತಿಸಿದ್ದಳು. ಅಂಗವೈಕಲ್ಯವಿದೆ ಎಂದು ಸಾಕ್ಷ್ಯ ಹಗುರವಾಗದು ಎಂದಿತು ಸುಪ್ರೀಂ ಕೋರ್ಟ್, 2021ರ ಏಪ್ರಿಲ್‌ನಲ್ಲಿ. ಲೈಂಗಿಕ ದೌರ್ಜನ್ಯಕ್ಕೊಳಗಾದ ಅಂಗವಿಕಲ ಹೆಣ್ಣು ಠಾಣೆಯ ಮೆಟ್ಟಿಲು ಹತ್ತಬೇಕಿಲ್ಲ. ಕ್ರಿಮಿನಲ್ ಕಾನೂನಿಗೆ 2013ರ ತಿದ್ದುಪಡಿ ಬಂದಾಗಿನಿಂದಲೂ ಹಾಗೇ. ಪೊಲೀಸರೇ ಮನೆಗೆ ಬಂದು, ಸನ್ನೆ ಬಲ್ಲವರನ್ನೋ ವಿಶೇಷ ಶಿಕ್ಷಕರನ್ನೋ ಜೊತೆಗಿಟ್ಟುಕೊಂಡು ದೂರು ಬರೆದುಕೊಳ್ಳಬೇಕು, ವಿಡಿಯೊ ಮಾಡಬೇಕು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಇದೇ ಇದೆ.

ಬಚ್ಚಲಿಗೆ ಕರೆದೊಯ್ಯುವ ಕೈಯೇ ಹೊಡೆಯುವ ಕೈಯಾದರೆ? ಅವಳು ದೂರುವುದಾದರೂ ಹೇಗೆ? ಆಗ ಪಕ್ಕದ ಮನೆಯವರೇ ತಹಶೀಲ್ದಾರರಿಗೆ ತಿಳಿಸಬಹುದು. 2016ರ ಅಂಗವಿಕಲರ ಹಕ್ಕು ಕಾಯ್ದೆಯ 7ನೇ ಕಲಮು ಇರುವುದೇ ಅದಕ್ಕೆ. ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು, ಕಿವಿ ಕೇಳುವವರಾದರೆ!

ಆದರೆ ಆದದ್ದನ್ನು ಹೇಳಲು ಸನ್ನೆ ಗೊತ್ತಿರಬೇಕಲ್ಲ. ಅದಕ್ಕೇ ಈ ಹೆಣ್ಣುಮಕ್ಕಳಿಗೂ ಮನೆಯವರಿಗೂ ನಾನು ಮೊದಲು ಕಲಿಸುವುದು ಮೈಯ ಭಾಗಗಳ ಸನ್ನೆ, ಆಮೇಲೆ ‘ಬೇಡ’ ಎನ್ನುವ ಸನ್ನೆ. ತಾಯಂದಿರು ನಾಚುತ್ತಾರೆ, ಅಜ್ಜಿಯರು ಬೇಗ ಕಲಿಯುತ್ತಾರೆ.