ಹಿಗ್ಗಿಸುವ ಕೆಲಸ ಯಾರಿಗೆ?

ದೀಪಾವಳಿಗೆ ಸಾಸ್ತಾನದ ನಮ್ಮ ಮನೆಗೆ ದೊಡ್ಡ 4ಕೆ ಟೀವಿ ಬಂತು. ನಾನು ಮೊದಲು ಹಾಕಿದ್ದು ಹಳೆಯ ಡಿವಿಡಿ. ತೀರಿಕೊಂಡ ನನ್ನ ಅಣ್ಣ ಚೆಂಡೆ ಬಾರಿಸಿದ ಬಯಲಾಟ ಅದು. ಆದರೆ ಅಣ್ಣನ ಮುಖ ಅಗಲವಾಗಿ, ಮೇಣದ ಗೊಂಬೆಯ ಹಾಗೆ ಕಂಡಿತು. ಮನಸ್ಸಿಗೆ ಪಿಚ್ಚೆನಿಸಿತು.

ಎಂಟನೇ ತರಗತಿಯ ಮೊಮ್ಮಗಳು ಲೆಕ್ಕ ಹಾಕಿದಳು. ಡಿವಿಡಿಯ ಒಂದು ಚಿತ್ರದಲ್ಲಿ 720 × 576, ಅಂದರೆ 4,14,720 ಚುಕ್ಕಿಗಳು. ಟೀವಿಯಲ್ಲಿ 3840 × 2160, ಅಂದರೆ 82,94,400. ಸರಿಯಾಗಿ 20 ಪಟ್ಟು! ಇಲ್ಲದ ಚುಕ್ಕಿಗಳನ್ನು ಯಂತ್ರ ಅಕ್ಕಪಕ್ಕ ನೋಡಿ ಊಹಿಸಿ ತುಂಬುತ್ತದೆ.

“ಅಜ್ಜಯ್ಯ, ಪ್ಲೇಯರ್ ಒಂದ್ ಸಲ ದೊಡ್ಡ ಮಾಡತ್ತ್, ಟೀವಿ ಮತ್ತೊಂದ್ ಸಲ. ಊಹೆ ಮೇಲೆ ಊಹೆ!” ಎಂದಳು.

ಪ್ಲೇಯರಿನ ಸೆಟ್ಟಿಂಗ್‌ನಲ್ಲಿ 1080 ಇದ್ದುದನ್ನು 576ಕ್ಕೆ ಇಳಿಸಿ, ಹಿಗ್ಗಿಸುವ ಕೆಲಸವನ್ನು ಟೀವಿಯೊಂದಕ್ಕೇ ಬಿಟ್ಟಳು. ಚಿತ್ರದ ಆಕಾರವನ್ನು ಹಳೆಯ 4:3ಕ್ಕೆ ತಂದಳು. ಅಣ್ಣ ಅಣ್ಣನ ಹಾಗೇ ಕಂಡ.

ಎಲ್ಲರ ಮನೆಯಲ್ಲೂ ಟೀವಿಯೇ ಗೆಲ್ಲಬೇಕೆಂದಿಲ್ಲ. ಕೆಲವು ಪ್ಲೇಯರುಗಳು ಅದಕ್ಕಿಂತ ಜಾಣ. ಮಕ್ಕಳೇ, ಒಂದೇ ದೃಶ್ಯವನ್ನು ಎರಡೂ ರೀತಿಯಲ್ಲಿ ಹಾಕಿ, ಯಾವುದು ಸರಿ ಎಂದು ಅಜ್ಜ, ಅಜ್ಜಿಯನ್ನು ಕೇಳಿ. ಆ ಮುಖಗಳನ್ನು ಕಣ್ಣಾರೆ ಕಂಡವರು ಅವರೇ ಅಲ್ಲವೇ?