ನೆಹರೂ ಅವರನ್ನು ಸಂದರ್ಶಿಸಿದ ಬೆಳಗಾವಿ ಮಾಸ್ತರು

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ ಟಿಳಕವಾಡಿಯಲ್ಲಿ ಆರ್‌ಪಿಡಿ ಕಾಲೇಜು ಸಿಗುತ್ತದೆ, ರಾಣಿ ಪಾರ್ವತಿದೇವಿ ಕಾಲೇಜು. ಭಾರತದ ಟಿವಿಗಾಗಿ ಪಂಡಿತ ನೆಹರೂ ಅವರನ್ನು ಮೊದಲು ಸಂದರ್ಶಿಸಿದವರು ಒಂದು ಕಾಲಕ್ಕೆ ಇಲ್ಲಿ ಪಾಠ ಹೇಳುತ್ತಿದ್ದರು. ಅವರೇ ಮರಾಠಿ ಸಾಹಿತಿ ಪು.ಲ. ದೇಶಪಾಂಡೆ.

ಹುಟ್ಟಿದ್ದು 1919ರಲ್ಲಿ, ಮುಂಬೈಯಲ್ಲಿ. ಹಾಡಿದರು, ಹಾರ್ಮೋನಿಯಂ ನುಡಿಸಿದರು, ನಾಟಕ ಬರೆದರು, ಬಣ್ಣ ಹಚ್ಚಿದರು. 1953ರ ‘ಗುಳಾಚಾ ಗಣಪತಿ’ ಸಿನಿಮಾದಲ್ಲಿ ಕಥೆ, ಸಂಗೀತ, ನಿರ್ದೇಶನ, ನಾಯಕನ ಪಾತ್ರ ಎಲ್ಲವೂ ಅವರದೇ! ಅದರ ‘ಇಂದ್ರಾಯಣಿ ಕಾಠಿ’ಗೆ ರಾಗ ಹಾಕಿದ್ದು ಪು.ಲ., ದನಿ ಕೊಟ್ಟದ್ದು ನಮ್ಮ ಗದುಗಿನ ಭೀಮಸೇನ ಜೋಶಿ. ಇಂದಿಗೂ ಕೇಳಿದರೆ ಮೈ ಜುಮ್ಮೆನ್ನುತ್ತದೆ.

1955ರಲ್ಲಿ ಆಕಾಶವಾಣಿ ಸೇರಿದರು. ಲಂಡನ್ನಿನ ಬಿಬಿಸಿಯಲ್ಲಿ ತರಬೇತಿ ಪಡೆದರು. 1959ರಲ್ಲಿ ದಿಲ್ಲಿಯಲ್ಲಿ ದೂರದರ್ಶನ ಶುರುವಾದಾಗ ಆ ಮೊದಲ ತಂಡದಲ್ಲಿದ್ದರು.

ಆದರೆ ಬೆಳಗಾವಿಯವರು ಅವರನ್ನು ಹಚ್ಚಿಕೊಳ್ಳಬೇಕಾದದ್ದು ‘ರಾವಸಾಹೇಬ’ನಿಗಾಗಿ. ‘ಗಣಗೋತ’ ಪುಸ್ತಕದ ಈ ವ್ಯಕ್ತಿಚಿತ್ರ ಬೆಳಗಾವಿಯ ಗೆಳೆಯರೊಬ್ಬರದು. ನಾಟಕ, ಸಂಗೀತ ಎಂದರೆ ಪ್ರಾಣ ಬಿಡುವ, ದೊಡ್ಡ ಬಾಯಿಯ, ಅದಕ್ಕಿಂತ ದೊಡ್ಡ ಮನಸ್ಸಿನ ಮನುಷ್ಯ. ಆಡುವುದು ಮರಾಠಿ, ಅದರ ಏರಿಳಿತವೆಲ್ಲ ಕನ್ನಡದ್ದು. ಆ ಬೆರಕೆ ಮಾತನ್ನು ಪು.ಲ. ತಿದ್ದಲಿಲ್ಲ, ಪ್ರೀತಿಯಿಂದ ಹಾಗೆಯೇ ಇಟ್ಟರು. ಬೆಳಗಾವಿ ಗಡಿ ಜಗಳದ ಸುದ್ದಿ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಬರಹವೇ. ಖಡೇಬಜಾರಿನಲ್ಲಿ ಎರಡೂ ಭಾಷೆ ಕಿವಿಗೆ ಬೀಳುವ ಊರಿನ ನಿಜವಾದ ದನಿ ಅದರಲ್ಲಿದೆ.

ಪು.ಲ. ತಾವೇ ‘ರಾವಸಾಹೇಬ’ ಓದಿದ ಧ್ವನಿಮುದ್ರಣ ಸಿಗುತ್ತದೆ. ಮರಾಠಿ ತಿಳಿಯುವವರು ಕೇಳಿ, ಪಕ್ಕದಲ್ಲಿ ಕೂತವರಿಗೆ ಕನ್ನಡದಲ್ಲಿ ಹೇಳಿ.