ಡಿಸ್ಕ್ ಮರುಭರ್ತಿ: ನಡುವೆ ವಿದ್ಯುತ್ ಹೋದರೆ ಮತ್ತೆ ಮೊದಲಿನಿಂದಲೇ?

ತೋರಣಗಲ್ಲು: ಉಕ್ಕಿನ ಕಾರ್ಖಾನೆಯನ್ನು ಆಶ್ರಯಿಸಿ ಬೆಳೆದ ಇಂಥ ಊರುಗಳಲ್ಲಿಯೂ ಗುತ್ತಿಗೆದಾರರ ಲೆಕ್ಕಪತ್ರ, ಸ್ಟುಡಿಯೊಗಳ ಮದುವೆ ಚಿತ್ರಗಳೆಲ್ಲ ಈಗ ಕಂಪ್ಯೂಟರ್ ಸೇರಿವೆ. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯಲೆಂದು ಎರಡು ಡಿಸ್ಕ್‌ಗಳಲ್ಲಿ ಅದನ್ನೇ ಬರೆದಿಡುವುದು ‘ರೇಡ್’ ವ್ಯವಸ್ಥೆಯ ಒಂದು ವಿಧಾನ. ಪ್ರತ್ಯೇಕ ಯಂತ್ರಾಂಶವಿಲ್ಲದೆ, ಲಿನಕ್ಸ್‌ನಲ್ಲಿ ‘ಎಂಡಿ’ ಎಂಬ ತಂತ್ರಾಂಶವೇ ಈ ಕೆಲಸವನ್ನು ನಿರ್ವಹಿಸುತ್ತದೆ.

ಕೆಟ್ಟ ಡಿಸ್ಕ್ ಬದಲಿಸಿದಾಗ 4 ಟೆರಾಬೈಟ್ ಮಾಹಿತಿ ನಕಲಾಗಲು, ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ, ಸುಮಾರು 11 ಗಂಟೆ ಬೇಕು. ಶೇ 70ರಷ್ಟು ಮುಗಿದಾಗ ವಿದ್ಯುತ್ ಕೈಕೊಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥವೇ? ಸಾಮಾನ್ಯವಾಗಿ ಇಲ್ಲ.

ಎರಡು ಬಗೆಯ ಕೆಲಸ

ಹೊಸ ಡಿಸ್ಕನ್ನು ತುಂಬಿಸುವುದು ‘ರಿಕವರಿ’. ಯಂತ್ರ ಹಠಾತ್ತಾಗಿ ನಿಂತಾಗ ಎರಡೂ ಡಿಸ್ಕ್‌ಗಳ ಮಾಹಿತಿಯನ್ನು ಮತ್ತೆ ಸರಿಹೊಂದಿಸುವುದು ‘ರಿಸಿಂಕ್’. ಬರೆಯುವ ಮುನ್ನವೇ ಆಯಾ ಭಾಗಕ್ಕೆ ಗುರುತು ಹಾಕುವ ‘ಬಿಟ್‌ಮ್ಯಾಪ್’ ಸೌಲಭ್ಯವಿದ್ದರೆ, ರಿಸಿಂಕ್ ವೇಳೆ ಗುರುತಿರುವ ಭಾಗಗಳನ್ನಷ್ಟೇ ಸರಿಪಡಿಸಿದರೆ ಸಾಕು. ಗಂಟೆಗಳ ಕೆಲಸ ನಿಮಿಷಗಳಲ್ಲಿ ಮುಗಿಯಬಹುದು.

ಮುಗಿದದ್ದೇ ಲೆಕ್ಕ

ಎಂಡಿ ಎರಡು ಲೆಕ್ಕ ಇಡುತ್ತದೆ. ನಕಲು ಮಾಡುವ ಆದೇಶ ಎಲ್ಲಿಯವರೆಗೆ ಹೊರಟಿದೆ ಎಂಬುದು ಒಂದು. ಎಲ್ಲಿಯವರೆಗೆ ನಿಜವಾಗಿ ಪೂರ್ಣಗೊಂಡಿದೆ ಎಂಬುದು ಇನ್ನೊಂದು. ಡಿಸ್ಕ್‌ನಲ್ಲಿರುವ ‘ಸೂಪರ್‌ಬ್ಲಾಕ್’ ಎಂಬ ದಾಖಲೆಯಲ್ಲಿ ಎರಡನೆಯದನ್ನು ಮಾತ್ರ ಬರೆದಿಡಲಾಗುತ್ತದೆ. ಒಟ್ಟು ಕೆಲಸದ ಹದಿನಾರನೇ ಒಂದು ಭಾಗ ಮುಗಿದಾಗ ಅಥವಾ ಸುಮಾರು ಐದು ನಿಮಿಷ ಕಳೆದಾಗ ಈ ದಾಖಲೆ ನವೀಕರಣಗೊಳ್ಳುತ್ತದೆ. ಸೂಪರ್‌ಬ್ಲಾಕ್‌ನ 1.0 ಹಾಗೂ ನಂತರದ ಮಾದರಿಗಳಲ್ಲಿ ರಿಕವರಿಯ ಸ್ಥಾನವೂ ಉಳಿಯುವುದರಿಂದ, ವಿದ್ಯುತ್ ಮರಳಿದಾಗ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ನಷ್ಟವಾಗುವುದು ಕೆಲವು ನಿಮಿಷಗಳ ಶ್ರಮವಷ್ಟೆ.

ಅಂದಾಜಿನ ಮಿತಿ

‘ಎಂಡಿಸ್ಟ್ಯಾಟ್’ ಕಡತ ತೆರೆದರೆ ಶೇಕಡಾವಾರು ಪ್ರಗತಿ, ವೇಗ ಮತ್ತು ಉಳಿದ ನಿಮಿಷಗಳು ಕಾಣುತ್ತವೆ. ಈ ವೇಗ ಕಳೆದ ಸುಮಾರು ಅರ್ಧ ನಿಮಿಷದ ಸರಾಸರಿ ಮಾತ್ರ. ಇತರ ಕೆಲಸಗಳ ಒತ್ತಡ ಹೆಚ್ಚಿದಾಗ ನಕಲು ಕಾರ್ಯ ತಾನಾಗಿ ನಿಧಾನಗೊಳ್ಳುತ್ತದೆ. ಆದ್ದರಿಂದಲೇ ಉಳಿದ ಸಮಯ ಒಮ್ಮೆ ಎರಡು ಗಂಟೆ, ಮತ್ತೊಮ್ಮೆ ಐದು ಗಂಟೆ ಎಂದು ತೋರಿದರೆ ಗಾಬರಿಪಡಬೇಕಿಲ್ಲ.

ಗಮನಿಸಬೇಕಾದದ್ದು ಬೇರೆಯೇ ಇದೆ. ಶೇ 99 ಮುಗಿದಿದ್ದರೂ ಪೂರ್ಣ ಮಾಹಿತಿ ಇರುವುದು ಹಳೆಯ ಡಿಸ್ಕ್ ಒಂದರಲ್ಲೇ. ಅದೂ ಅದೇ ಹೊತ್ತಿನಲ್ಲಿ ಕೆಟ್ಟರೆ ಉಳಿದ ಭಾಗವನ್ನು ಯಾವ ಲೆಕ್ಕವೂ ಮರಳಿ ತರಲಾರದು. ರೇಡ್ ಎಂಬುದು ಬ್ಯಾಕಪ್‌ಗೆ ಪರ್ಯಾಯವಲ್ಲ. ಹೊಸ ಡಿಸ್ಕ್ ಜೋಡಿಸುವ ಮುನ್ನ ಮುಖ್ಯ ಕಡತಗಳ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳುವುದು ಕ್ಷೇಮ.